ಮೊಂಡನ ಸ್ಪ್ರಿಂಗ್ ಸೀಟು

ಹೋದ ತಿಂಗಳು ದೊಡ್ಡ ಮೊಮ್ಮಗ ಹೊಸ ಪಿಕಪ್ ತಂದು ಅಂಗಳದಲ್ಲಿ ನಿಲ್ಲಿಸಿದ. ಪೂಜೆ ಆಯಿತು, ಚಕ್ರದಡಿಯ ನಿಂಬೆಹಣ್ಣು ಸಿಡಿಯಿತು. ಆಮೇಲೆ ನನ್ನನ್ನು ಕೈಹಿಡಿದು ಮುಂದಿನ ಸೀಟಿಗೆ ಹತ್ತಿಸಿ ಬಾಳೂರಿನವರೆಗೆ ಕರೆದುಕೊಂಡು ಹೋದ. "ಸೀಟು ಹೆಂಗಿದೆ ಅಜ್ಜಿ? ಎಷ್ಟು ದೂರ ಹೋದ್ರೂ ಸೊಂಟ ನೋಯಲ್ಲ" ಎಂದ. ನಾನು "ಚೆನ್ನಾಗಿದೆ" ಎಂದೆ. ಬಾಳೂರಿನ ತಿರುವಿನಲ್ಲಿ ನಾನು ಕಣ್ಣು ಮುಚ್ಚಿಕೊಂಡದ್ದನ್ನು ನೋಡಿ, ಸೀಟಿನ ಸುಖಕ್ಕೆ ಅಜ್ಜಿಗೆ ನಿದ್ದೆಯೇ ಬಂತು ಎಂದು ಮನೆಗೆ ಬಂದು ಎಲ್ಲರಿಗೂ ಹೇಳಿದ. ನನಗೆ ನಿದ್ದೆ ಬಂದಿರಲಿಲ್ಲ.

ಎದುರು ಕೂತು ಹೇಳುವುದು ನನಗೆ ಎಂದೂ ಬಂದದ್ದಿಲ್ಲ. ಊರಿನ ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇದೆ. ಅದರಲ್ಲೇ ಬರೆಯುತ್ತೇನೆ, ನಿಮಗೆ ಬೇಕೆನಿಸಿದಾಗ ಓದಿಕೊಳ್ಳಿ.

ಆಗ ಇನ್ನೂ ಬಿಳಿಯರ ಕಾಲ. ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿತ್ತು, ಅದರ ದೆಸೆಯಿಂದ ಕಳಸದ ಕಡೆಯ ನಮ್ಮ ಎಸ್ಟೇಟಿನಲ್ಲೂ ಪೆಟ್ರೋಲಿಗೆ ಬರ. ನಿಮ್ಮಜ್ಜ ಎಸ್ಟೇಟಿನ ಗಾಡಿ ಓಡಿಸುತ್ತಿದ್ದರು. ಅದನ್ನು ಲಾರಿ ಎನ್ನಲು ಆಗದು, ಕಾರು ಎನ್ನಲೂ ಆಗದು. ಎಸ್ಟೇಟಿನ ಬಿಳಿ ದೊರೆ ಓಡಿಸಿ ಹಳತಾದ ಕಾರನ್ನು ಮುಂದಿನ ಸೀಟಿನ ಹಿಂದಕ್ಕೆ ಸರಿಯಾಗಿ ಕತ್ತರಿಸಿ, ಹಿಂಬದಿಗೆ ಮರದ ಹಲಗೆಯ ದೊಡ್ಡ ಪೆಟ್ಟಿಗೆ ಕೂರಿಸಿದ್ದರು. ನೀವು ಈಗ ಪಿಕಪ್ ಎನ್ನುವುದರ ಅಜ್ಜ ಅದು. ಲೈನಿನ, ಎಂದರೆ ಕೂಲಿಮನೆಗಳ ಸಾಲಿನ, ಜನ ಅದಕ್ಕೆ ಮೊಂಡ ಎಂದು ಹೆಸರಿಟ್ಟಿದ್ದರು. ಬಾಲ ಕಡಿದದ್ದಕ್ಕೂ ಆಯಿತು, ಏರಿನಲ್ಲಿ ಮೊಂಡು ಹಿಡಿದು ನಿಲ್ಲುತ್ತಿದ್ದುದಕ್ಕೂ ಆಯಿತು.

ಮೊಂಡನ ಮುಂದಿನ ಸೀಟಿನಲ್ಲಿ ಇಬ್ಬರು ಕೂರಬಹುದಿತ್ತು. ಅದರ ಸ್ಪ್ರಿಂಗು ಎಂದೋ ಮುರಿದು, ಒಂದು ತುದಿ ಚರ್ಮ ಹರಿದು ಮೇಲೆದ್ದಿತ್ತು. ನಿಮ್ಮಜ್ಜ ಗೋಣಿ ಮಡಿಸಿ ಅದರ ಮೇಲೆ ಹಾಕಿಕೊಂಡು ಚಿಕ್ಕಮಗಳೂರಿನಲ್ಲಿ ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಪಾರ್ಚ್‌ಮೆಂಟ್ ಮೂಟೆ ಹೊಡೆಯುತ್ತಿದ್ದರು. ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಕಣದಲ್ಲಿ ಒಣಗಿಸಿದ ಕಾಫಿ, ಅದು ನಿಮಗೂ ಗೊತ್ತು. ತಿರುಗಿ ಬಂದ ದಿನ ಅವರಿಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ನಾನು ಸೊಂಟಕ್ಕೆ ಶಾಖ ಕೊಡುತ್ತಿದ್ದೆ. ಆಗೆಲ್ಲ ಅವರದು ಒಂದೇ ಮಾತು.

"ಹಿಂದಿನ ಸೀಟು ನೋಡ್ಬೇಕು ನೀನು ಮಾರಾಯ್ತಿ. ಒತ್ತಿದ್ರೆ ಕೈ ಹೂತು ಹೋಗುತ್ತೆ, ಬಿಟ್ರೆ ತಾನೇ ಮೇಲೆ ಬರುತ್ತೆ. ಅಂಥಾ ಸೀಟಿನ ಮೇಲೆ ನಾಯಿ ಮಲಗುತ್ತಲ್ಲ."

ಅದು ನಿಜ. ಬಾಲ ಕಡಿದಾಗ ಹೊರಬಂದ ಹಿಂದಿನ ಸೀಟನ್ನು ಬಂಗಲೆಯ ಜಗಲಿಯಲ್ಲಿ ಹಾಕಿದ್ದರು. ಸ್ಪ್ರಿಂಗು ಒಂದೂ ಕೆಟ್ಟಿರಲಿಲ್ಲ. ದೊರೆಯ ನಾಯಿ ಹಗಲೆಲ್ಲ ಅದರ ಮೇಲೆ ಮಲಗಿರುತ್ತಿತ್ತು. ನಾವು ಮಣೆ, ಚಾಪೆ, ಮೂಟೆ, ನೆಲ ಬಿಟ್ಟು ಬೇರೆ ಯಾವುದರ ಮೇಲೂ ಕೂತವರಲ್ಲ. ಸ್ಪ್ರಿಂಗಿನ ಮೇಲೆ ಕೂತರೆ ಮೈಗೆ ಏನಾಗುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ಸುಖವಾಗುತ್ತದೆ ಎಂದು ಮಾತ್ರ ಗೊತ್ತಿತ್ತು.

ಮನೆಯಲ್ಲಿ ನಾವು ಮೂವರು, ನಿಮ್ಮಜ್ಜ, ನಾನು, ನಮ್ಮ ಮಾವ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಮಾವನೂ ಸೊಸೆಯನ್ನು ನೇರವಾಗಿ ಮಾತಾಡಿಸುತ್ತಿರಲಿಲ್ಲ. ಮಗ ಗಾಡಿಯ ಮೇಲೆ ಹೋದರೆ ಮನೆಯಲ್ಲಿ ಇಬ್ಬರೇ, ಮಾತು ನಡೆಯಬೇಕಲ್ಲ. ಅದಕ್ಕೆ ಒಂದು ಬೆಕ್ಕಿತ್ತು.

"ಬೆಕ್ಕೇ, ಎಲೆ ಮುಗಿದಿದೆ ಅಂತ ಒಳಗೆ ಹೇಳು" ಎನ್ನುತ್ತಿದ್ದರು ಮಾವ.

"ಒದ್ದೆ ಬಟ್ಟೇಲಿ ಸುತ್ತಿಟ್ಟಿದೆ ಅಂತ ಹೇಳು ಬೆಕ್ಕೇ" ಎನ್ನುತ್ತಿದ್ದೆ ನಾನು, ಬಾಗಿಲ ಮರೆಯಿಂದ.

"ಬೆಕ್ಕೇ, ಗಂಜಿಗೆ ಉಪ್ಪು ಕಮ್ಮಿ ಅಂದ್ರೆ ಬೇಜಾರು ಮಾಡ್ಕೊಬಾರ್ದು ಅಂತ ಹೇಳು."

ನಿಮ್ಮಜ್ಜ ನಗುತ್ತಿದ್ದರು. "ಈ ಮನೇಲಿ ಎಲ್ಲರಿಗಿಂತ ಜಾಸ್ತಿ ಮಾತಾಡೋದು ಬೆಕ್ಕೇ. ಅದಕ್ಕೊಂದು ಲೋಟ ಕಾಫಿ ಕೊಡಿ, ಗಂಟಲು ಒಣಗಿರುತ್ತೆ." ಮಾವ ಮುಖ ಆಚೆ ತಿರುಗಿಸಿ ನಗುತ್ತಿದ್ದರು. ಬೆನ್ನು ಅಲುಗುವುದು ನನಗೆ ಕಾಣುತ್ತಿತ್ತು. ಅವರು ಒಳ್ಳೆಯವರು. ಅದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದೆ ಓದುವಾಗ ನೀವು ಅವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು.

ನನಗೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು, ಮೂರು ತಿಂಗಳೂ ತುಂಬದೆ. ಮೂರನೆಯದು ಉಳಿಯಿತು. ತಿಂಗಳು ತುಂಬುತ್ತಾ ಬಂದ ಹಾಗೆ ಮಾವ ಬೆಕ್ಕಿನ ಹತ್ತಿರ, "ಕೊಡ ಎತ್ತೋದು ಬೇಡ ಅಂತ ಹೇಳು" ಎಂದು ಶುರುಮಾಡಿದರು. ಮಗು ಒಳಗೆ ಒದೆಯುವಾಗ ನಾನು ಒಲೆಯ ಮುಂದೆ ಒಬ್ಬಳೇ ನಗುತ್ತಿದ್ದೆ. ಎಂಟು ತುಂಬಿದ ಮೇಲೆ ಒಂದು ಬೆಳಿಗ್ಗೆ ಸೀರೆಯಲ್ಲಿ ಸ್ವಲ್ಪ ಕೆಂಪು ಕಂಡಿತು. ಲೈನಿನ ಸೂಲಗಿತ್ತಿ ಬಂದು ಹೊಟ್ಟೆಯ ಮೇಲೆ ಕೈ ಆಡಿಸಿ, ಆ ಕಡೆ ಈ ಕಡೆ ಒತ್ತಿ ನೋಡಿ, ಹೊರಗೆ ಹೋಗಿ ಗಂಡಸರಿಗೆ ಹೇಳಿದಳು.

"ಮಗು ಅಡ್ಡ ಮಲಗಿದೆ. ನೋವು ಶುರುವಾದ್ರೆ ನನ್ನ ಕೈಲಿ ಆಗಲ್ಲ ನೋಡಿ. ಚಿಕ್ಕಮಗಳೂರಲ್ಲಿ ಲೇಡಿ ಡಾಕ್ಟ್ರು ಇದಾರೆ, ಅಲ್ಲಿಗೆ ಮಲಗಿಸ್ಕೊಂಡೇ ಕರ್ಕೊಂಡು ಹೋಗಿ. ಆದ್ರೆ ದಾರೀಲಿ ಮೈ ಅಲುಗಬಾರದು. ಅಲುಗಿದ್ರೆ ಉಳಿಯಲ್ಲ."

ಮೈ ಅಲುಗಬಾರದು. ಅಷ್ಟೇ ಬೇಕಾಗಿದ್ದದ್ದು.

ಪೆಟ್ರೋಲು ಇದ್ದದ್ದು ಒಂದು ಸಲ ಹೋಗಿ ಬರಲು ಮಾತ್ರ, ಅದೂ ಪಾರ್ಚ್‌ಮೆಂಟ್ ಸಾಗಿಸಲು. ನಿಮ್ಮಜ್ಜ ಎಸ್ಟೇಟಿನ ರೈಟರ ಹತ್ತಿರ ಓಡಿದರು. ಆಫೀಸಿನ ಲೆಕ್ಕಪತ್ರವೆಲ್ಲ ಅವರ ಕೈಯಲ್ಲಿ. ಚಿಕ್ಕಮಗಳೂರಿಗೆ ಹೋಗುವಾಗ ಮುಂದಿನ ಸೀಟಿನಲ್ಲಿ ಕೂರುವವರೂ ಅವರೇ. ಬಾಯಿ ಸ್ವಲ್ಪ ಹರಿತ, ಮನಸ್ಸು ಕೆಟ್ಟದಲ್ಲ.

"ನಾನು ಈ ಸಲ ಬರಲ್ಲ, ನನ್ನ ಜಾಗದಲ್ಲಿ ನಿಮ್ಮಪ್ಪ ಕೂತ್ಕೊಳ್ಲಿ" ಎಂದರಂತೆ. "ಹೆಂಡ್ತಿನ ಹಿಂದೆ ಮೂಟೆ ಮೇಲೆ ಹಾಕ್ತೀಯೇನೋ? ಅವಳೇನು ಪಾರ್ಚ್‌ಮೆಂಟಾ? ಬಂಗ್ಲೆ ಜಗಲಿ ಸೀಟು ತಗೊಂಡು ಹೋಗು. ದೊರೆ ಊಟಿಯಿಂದ ಬರೋದರೊಳಗೆ ವಾಪಸ್ ಅಲ್ಲಿರ್ಬೇಕು ನೋಡು. ನಾಯಿಗೆ ನಾನು ಸಮಾಧಾನ ಹೇಳ್ತೀನಿ."

ನಿಮ್ಮಜ್ಜ ಸೀಟನ್ನು ತಲೆಯ ಮೇಲೆ ಹೊತ್ತು ತಂದರು. ನಾಯಿ ಲೈನಿನವರೆಗೂ ಬೊಗಳುತ್ತಾ ಹಿಂದೆಯೇ ಬಂತು. ಜನ ಹೊರಗೆ ಬಂದು ನೋಡಿದರು. ಹೆಂಗಸರು ಒಬ್ಬೊಬ್ಬರಾಗಿ ಕೈಯಲ್ಲಿ ಒತ್ತಿ ನೋಡಿ "ಅಯ್ಯಬ್ಬ" ಎಂದರು. ನಾನೂ ಒತ್ತಿದೆ. ನಿಮ್ಮಜ್ಜ ಹೇಳಿದ ಹಾಗೆಯೇ ಕೈ ಹೂತು ಹೋಯಿತು, ಬಿಟ್ಟಾಗ ಮೇಲೆ ಬಂತು. ನನಗೆ ಧೈರ್ಯ ಬಂತು. ಇದರ ಮೇಲೆ ಮಲಗಿದರೆ ಮಗುವಿಗೆ ಏನೂ ಆಗುವುದಿಲ್ಲ ಅನ್ನಿಸಿತು.

ಪೆಟ್ಟಿಗೆಯ ತಳಕ್ಕೆ ಒಂದು ಸಾಲು ಮೂಟೆ ಹಾಸಿ, ಅದರ ಮೇಲೆ ಸೀಟು ಇಟ್ಟು, ಹಗ್ಗದಿಂದ ಬಿಗಿದರು. ನಾನು ಉರುಳಬಾರದೆಂದು ಎರಡೂ ಬದಿಗೆ ಮೂಟೆ ನಿಲ್ಲಿಸಿ ಗೋಡೆ ಮಾಡಿದರು. ಧೂಳು ಬರದಂತೆ ಮೇಲೆ ಟಾರ್ಪಾಲು ಎಳೆದರು. ಸೂಲಗಿತ್ತಿ ಜೊತೆಗೆ ಬರುವುದೆಂದಿತ್ತು. ಆದರೆ ಅದೇ ಬೆಳಿಗ್ಗೆ ಕೆಳಗಿನ ಲೈನಿನಲ್ಲಿ ಒಬ್ಬಳಿಗೆ ನೋವು ಹತ್ತಿತು, ಸೂಲಗಿತ್ತಿ ಅಲ್ಲಿಗೆ ಹೋಗಬೇಕಾಯಿತು. ಮಾವ ನನ್ನ ಜೊತೆ ಹಿಂದೆ ಕೂರಬಹುದಿತ್ತು ಎಂದು ನಿಮಗೆ ಈಗ ಅನ್ನಿಸಬಹುದು. ಮಾವನ ಎದುರು ಕಾಲು ಚಾಚಿ ಮಲಗುವ ಸೊಸೆ ಆಗ ಇರಲಿಲ್ಲ. ನೋಡುವ ಮಾವನೂ ಇರಲಿಲ್ಲ. ಅದನ್ನು ಯಾರೂ ಯೋಚಿಸಲೂ ಇಲ್ಲ. ಅವರು ಮುಂದೆ ಕೂತರು, ನಾನು ಹಿಂದೆ ಒಬ್ಬಳೇ. ನಡುವೆ ಕಿಟಕಿಯಿಲ್ಲದ ಹಲಗೆ.

ಹೊರಡುವಾಗ ನಿಮ್ಮಜ್ಜ ಟಾರ್ಪಾಲಿನ ಮೂಲೆ ಎತ್ತಿ, "ನಿಲ್ಲಿಸ್ಬೇಕು ಅನ್ಸಿದ್ರೆ ಹಲಗೆಗೆ ಬಡಿ" ಎಂದರು.

ಮಾವನಿಗೂ ಏನೋ ಹೇಳಬೇಕಿತ್ತು. ಬೆಕ್ಕು ಇರಲಿಲ್ಲ. ಅವರು ಗಾಡಿಯ ಮೂತಿಗೆ ಕೈಯಿಟ್ಟು, "ಏ ಮೊಂಡಾ, ಹೆದರ್ಕೋಬಾರ್ದು ಅಂತ ಹಿಂದೆ ಇರೋರಿಗೆ ಹೇಳು" ಎಂದರು. ನನಗೆ ನಾಚಿಕೆಯಾಯಿತು, ಸೆರಗು ಮುಖಕ್ಕೆ ಎಳೆದುಕೊಂಡೆ.

ಎಸ್ಟೇಟಿನ ಒಳರಸ್ತೆ ಮುಗಿಯುವುದರೊಳಗೆ ನನಗೆ ಸೀಟಿನ ಗುಣ ಗೊತ್ತಾಯಿತು. ಗಾಡಿಯ ಕೆಳಗೊಂದು ಸ್ಪ್ರಿಂಗು, ನನ್ನ ಕೆಳಗೊಂದು. ಚಕ್ರ ಗುಂಡಿಗೆ ಬಿದ್ದರೆ ಮೊಂಡ ಒಂದು ಸಲ ಕುಣಿದು ನಿಲ್ಲುತ್ತಿದ್ದ. ಸೀಟು ನನ್ನನ್ನು ಕೆಳಗೆ ಎಳೆದುಕೊಂಡು, ಮೇಲಕ್ಕೆಸೆದು, ಬಿದ್ದವಳನ್ನು ಮತ್ತೆ ಎಸೆಯುತ್ತಿತ್ತು. ಹಗ್ಗ ಹಿಡಿದುಕೊಂಡೆ. ಹೊಟ್ಟೆಯನ್ನು ಒಂದು ಕೈಯಲ್ಲಿ ತಬ್ಬಿಕೊಂಡೆ. ಪಕ್ಕದ ಮೂಟೆಗಳು ಮಾತ್ರ ಅಲುಗದೆ ನಿಂತಿದ್ದವು.

ಒಂದು ಹಳ್ಳದ ಹತ್ತಿರ ಮೊಂಡನಿಗೆ ನೀರು ಹಾಕಲು ನಿಲ್ಲಿಸಿದರು. ನಿಮ್ಮಜ್ಜ ಟಾರ್ಪಾಲು ಎತ್ತಿ ಕೇಳಿದರು, "ಹೆಂಗಿದೆ ಸೀಟು?"

ಅವರ ಮುಖ ಬೆವರಿತ್ತು. ಕಣ್ಣು ಹೊಳೆಯುತ್ತಿತ್ತು. ತಲೆಯ ಮೇಲೆ ಹೊತ್ತು ತಂದ ಸೀಟು. ಮಾವ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆಗಿನ್ನೂ ನೋವೂ ಬಂದಿರಲಿಲ್ಲ. "ಚೆನ್ನಾಗಿದೆ" ಎಂದೆ.

ಅವರು ಮುಂದೆ ಹೋಗಿ ಕೂತರು. ನಾನು ಸ್ವಲ್ಪ ಮೇಲಕ್ಕೆ ಸರಿದು ಕೂರಲು ಹೋದಾಗ ನನ್ನ ಮೊಣಕೈ ಹಲಗೆಗೆ ತಗಲಿತು, ಎರಡು ಸಲ. ಕೂಡಲೇ ಮುಂದಿನಿಂದ ನಗು ಕೇಳಿಸಿತು. "ಓಹೋ, ರೈಟ್ ರೈಟ್! ಕಲಿತೇಬಿಟ್ಲು ನೋಡಪ್ಪಾ. ನಾಳೆಯಿಂದ ಇವಳೇ ನನ್ನ ಕ್ಲೀನರು." ಮಾವನೂ ನಕ್ಕರು. ಮೊಂಡ ಹೊರಟ. ಯಾಕೆ ನಕ್ಕರು ಎಂದು ನನಗೆ ತಿಳಿಯಲಿಲ್ಲ. ನಾನು ಅಲ್ಲಿಯವರೆಗೆ ಲಾರಿ, ಬಸ್ಸು ಯಾವುದನ್ನೂ ಹತ್ತಿದವಳಲ್ಲ.

ಬಾಳೂರಿನ ಹತ್ತಿರ ದಾರಿ ತಿರುಗಿ ತಿರುಗಿ ಇಳಿಯುತ್ತದೆ. ಅಲ್ಲಿ ಒಂದು ದೊಡ್ಡ ಕುಲುಕಿಗೆ ನಾನು ಸೀಟು ಬಿಟ್ಟು ಪೂರಾ ಮೇಲೆದ್ದು ಬಿದ್ದೆ. ಸೊಂಟದಿಂದ ಮುಂದಕ್ಕೆ ಕತ್ತಿ ಎಳೆದ ಹಾಗೆ ನೋವು ಬಂತು, ಕಾಲಿನ ನಡುವೆ ಬಿಸಿಯಾಯಿತು. ಹಲಗೆಗೆ ಬಡಿದೆ. ಡಬ್ ಡಬ್ ಎಂದು ಎರಡು ಸಲ. ಗಾಡಿ ನಿಲ್ಲಲಿಲ್ಲ, ಸ್ವಲ್ಪ ಬೇಗ ಹೋಯಿತು. ಕೇಳಿಸಿರಬೇಕು, ನಿಲ್ಲಿಸಲು ಸರಿಯಾದ ಜಾಗ ಹುಡುಕುತ್ತಿರಬೇಕು ಎಂದುಕೊಂಡು ಕಾದೆ. ನಿಲ್ಲಲಿಲ್ಲ. ಮತ್ತೆ ಬಡಿದೆ, ಎರಡು, ಮತ್ತೆ ಎರಡು. ನಾನು ಬಡಿದಷ್ಟೂ ಮೊಂಡ ಓಡಿದ.

ಕೂಗಲಿಲ್ಲವೇ ಎಂದು ಕೇಳಬೇಡಿ. ಗಂಡನ ಹೆಸರು ಹಿಡಿದು ಕೂಗುವ ಹಾಗಿರಲಿಲ್ಲ, ಬಾಯಿಗೆ ಅದು ಬರುತ್ತಲೂ ಇರಲಿಲ್ಲ. "ಇವರೇ, ಇವರೇ" ಎಂದೆ. ಇಂಜಿನ್ನಿನ ಸದ್ದಿನಲ್ಲಿ ಅದು ಎಲ್ಲಿ ಹೋಯಿತೋ. ಕೊಟ್ಟಿಗೆಹಾರ ಹತ್ತಿರ ಬರುವಾಗ ನೋವು ಬಿಟ್ಟು ಬಿಟ್ಟು ಬರಲು ಹತ್ತಿತ್ತು. ಆಗ, ಆ ಮನೆಗೆ ಬಂದಮೇಲೆ ಮೊದಲನೇ ಸಲ, "ಮಾವಾ" ಎಂದು ಕೂಗಿದೆ. ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. ಗಾಡಿ ಓಡುತ್ತಲೇ ಇತ್ತು. ಮಗು ಅಲ್ಲಿಯವರೆಗೆ ಒದೆಯುತ್ತಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ.

ಮೂಡಿಗೆರೆಯಲ್ಲಿ ನಿಲ್ಲಿಸಿದರು. ನನಗೆ ಬಿಸಿ ಕಾಫಿ ಕೊಡಿಸಬೇಕೆಂದು. ನಿಮ್ಮಜ್ಜ ಲೋಟ ಹಿಡಿದುಕೊಂಡು ಬಂದು ಟಾರ್ಪಾಲು ಎತ್ತಿದರು. ಸೀಟಿನ ಚರ್ಮದ ಮೇಲೆ ಹರಿದ ರಕ್ತ ಒಂದು ಮಡಿಕೆಯಲ್ಲಿ ನಿಂತಿತ್ತು. ಲೋಟ ಅವರ ಕೈಯಲ್ಲೇ ಇತ್ತು. ಬಹಳ ಹೊತ್ತು ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

"ಈ ಸೀಟು ಬೇಡ" ಎಂದೆ. "ಮೂಟೆ ಮೇಲೆ ಹಾಕಿ."

ಮಾವ ಹತ್ತಿದರು. ನಿಮ್ಮಜ್ಜ ತೋಳು ಹಿಡಿದರು, ಮಾವ ನನ್ನ ಎರಡೂ ಪಾದ ಹಿಡಿದರು. ಸೊಸೆಯ ಪಾದ. ನಾನು ಕಾಲು ಎಳೆದುಕೊಳ್ಳಲು ಹೋದೆ.

"ಅಲುಗಬೇಡ ಮಗಾ" ಎಂದರು. ಮಾವ ನನಗೆ ಆಡಿದ ಮೊದಲ ಮಾತು ಅದು.

ಅಲ್ಲಿಂದ ಚಿಕ್ಕಮಗಳೂರಿನವರೆಗೆ ಪಾರ್ಚ್‌ಮೆಂಟ್ ಮೂಟೆಗಳ ಮೇಲೆ ಮಲಗಿ ಹೋದೆ. ಮಾವ ಪಕ್ಕದಲ್ಲಿ ಕೂತು ಹೆಗಲು ಹಿಡಿದುಕೊಂಡಿದ್ದರು. ಮೂಟೆಯ ಕಾಳು ಮೈಯ ಆಕಾರಕ್ಕೆ ಸರಿದು, ತಗ್ಗು ಮಾಡಿಕೊಟ್ಟು, ಮತ್ತೆ ಕದಲಲಿಲ್ಲ. ಗುಂಡಿ ಬಂದರೂ ಗಾಡಿಯ ಜೊತೆ ಒಂದು ಸಲ ತೂಗಿ ಸುಮ್ಮನಾಗುತ್ತಿತ್ತು. ಮೊದಲಿನಿಂದಲೂ ಹೀಗೆ ಬರಬಹುದಿತ್ತು. ಮೂಟೆ ನಮ್ಮ ಮನೆಯ ಮುಂದೆಯೇ ಇತ್ತು. ಎಲ್ಲರೂ ದಿನಾ ಅದರ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದೆವು. ಅದಕ್ಕೇ ಅದು ಯಾರಿಗೂ ಸೀಟಾಗಿ ಕಾಣಲಿಲ್ಲ.

ಹೆಣ್ಣು ಮಗು. ಅಳಲಿಲ್ಲ. ತಲೆಯಲ್ಲಿ ತುಂಬಾ ಕೂದಲಿತ್ತು. ಲೇಡಿ ಡಾಕ್ಟ್ರು ಕೈ ತೊಳೆಯುತ್ತಾ, "ನೋವು ಎಲ್ಲಿಂದ ಶುರುವಾಯ್ತಮ್ಮಾ?" ಎಂದರು.

"ಬಾಳೂರಿಂದ."

"ಮತ್ತೆ ಗಾಡಿ ಯಾಕೆ ನಿಲ್ಲಿಸ್ಲಿಲ್ಲ?"

ಬಾಗಿಲಲ್ಲಿ ನಿಂತಿದ್ದ ನಿಮ್ಮಜ್ಜ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅಲುಗಿದ್ದರಿಂದಲೇ ಹೀಗಾಯಿತೇ, ನಿಲ್ಲಿಸಿದ್ದರೆ ಉಳಿಯುತ್ತಿತ್ತೇ ಎಂದು ನಾನು ಕೇಳಿದ್ದಕ್ಕೆ ಡಾಕ್ಟ್ರು, ಹಾಗೆ ಹೇಳಲು ಬರುವುದಿಲ್ಲ ಎಂದರು. ಹೌದು ಎಂದೋ ಅಲ್ಲ ಎಂದೋ ಹೇಳಿದ್ದರೆ ಅದನ್ನು ಹಿಡಿದುಕೊಂಡಾದರೂ ಇರುತ್ತಿದ್ದೆ.

ಮಗುವನ್ನು ಮಣ್ಣು ಮಾಡಿ ಬಂದು ನಿಮ್ಮಜ್ಜ ನನ್ನ ಮಂಚದ ಹತ್ತಿರ ನೆಲದ ಮೇಲೆ ಕೂತರು.

"ನಾನು ಬಡಿದೆ" ಎಂದೆ.

"ಕೇಳಿಸ್ತು."

"ಮತ್ತೆ?"

"ಎರಡೆರಡು ಬಡಿದೆಯಲ್ಲ" ಎಂದರು. "ಒಂದು ಬಡಿದ್ರೆ ನಿಲ್ಸು. ಎರಡು ಬಡಿದ್ರೆ ರೈಟ್, ಹೋಗು ಅಂತ. ಎಲ್ಲಾ ಗಾಡೀಲೂ ಹಂಗೇ. ಹಳ್ಳದ ಹತ್ರ ಸರಿಯಾಗೇ ಬಡಿದೆ. ನಿನಗೆ ಗೊತ್ತಿದೆ ಅಂದ್ಕೊಂಡೆ. ಬಾಳೂರು ಇಳೀವಾಗ ಅಪ್ಪಂಗೆ ಹೇಳಿದೆ, ನೋಡಪ್ಪಾ, ಸೀಟು ಸುಖವಾಗಿದೆ, ಬೇಗ ಹೋಗು ಅಂತಿದಾಳೆ ಅಂತ."

ನಾನು ಕೇಳಿದೆ, "ನೋವಾಗ್ತಿದೆ ಅನ್ನೋದಕ್ಕೆ ಎಷ್ಟು?"

ಅವರು ತಮ್ಮ ಅಂಗೈ ನೋಡಿಕೊಂಡು ಕೂತರು. ಅದಕ್ಕೆ ಲೆಕ್ಕ ಇರಲಿಲ್ಲ.

ಸೀಟನ್ನು ತೊಳೆದು, ಬಿಸಿಲಿಗೆ ಒಣಗಿಸಿ, ದೊರೆ ಬರುವುದರೊಳಗೆ ಜಗಲಿಗೆ ಹಾಕಿದರು. ನಾಯಿ ಮೂಸಿ ನೋಡಿ ಕೆಲವು ದಿನ ಹತ್ತಲಿಲ್ಲವಂತೆ. ಆಮೇಲೆ ಹತ್ತಿತು.

ನಾನು ಮನೆಗೆ ಬಂದ ಮೇಲೆ ಮಾವ ಬೆಕ್ಕಿನ ಜೊತೆ ಮಾತಾಡುವುದನ್ನು ಬಿಟ್ಟರು. "ಮಗಾ, ನೀರು ಕೊಡು" ಎನ್ನುತ್ತಿದ್ದರು, ನೇರವಾಗಿ, ನೆಲ ನೋಡುತ್ತಾ. ನಾನೂ "ತಗೊಳ್ಳಿ ಮಾವ" ಎನ್ನುತ್ತಿದ್ದೆ. ಬೆಕ್ಕು ಮಾತ್ರ ಹಳೆಯ ಅಭ್ಯಾಸದಿಂದ ಬಂದು ಇಬ್ಬರ ನಡುವೆ ಕೂತು ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿತ್ತು. ಅದನ್ನು ನೋಡಿದರೆ ನಾನು ಒಳಗೆ ಹೋಗಿ ಅಳುತ್ತಿದ್ದೆ. ಒಂದು ದಿನ ಮಾವ ತಾವಾಗಿಯೇ ಹೇಳಿದರು, "ಕೊಟ್ಟಿಗೆಹಾರದ ಹತ್ರ 'ಮಾವಾ' ಅಂದ ಹಂಗೆ ಕೇಳಿಸ್ತು ಮಗಾ. ನೀನು ಯಾವತ್ತು ನನ್ನ ಕರ್ದಿದೀಯ? ಮೊಂಡನ ಅಚ್ಚು ಕಿರುಗುಟ್ಟಿದ್ದು ಅಂದ್ಕೊಂಡೆ." ಇನ್ನೊಂದು ಸಲ ಆ ಮಾತು ಎತ್ತಲಿಲ್ಲ. ಮುಂದಿನ ಮಳೆಗಾಲ ಕಾಣಲು ಅವರು ಉಳಿಯಲಿಲ್ಲ.

ನಿಮ್ಮಜ್ಜನಿಗೆ ಗಾಡಿ ಓಡಿಸುವುದು ಕೈಯಿಂದ ಹೋಯಿತು. ಹಿಂದೆ ಹಲಗೆಗೆ ಏನು ತಗಲಿದರೂ ಅವರ ಕಾಲು ಬ್ರೇಕಿಗೆ ಹೋಗುತ್ತಿತ್ತು. "ರೈಟ್ ಅಂದ್ರೂ ನಿಲ್ಸ್ತೀಯಲ್ಲ ಮಾರಾಯ, ನಿನ್ನ ಗಾಡೀಲಿ ಚಿಕ್ಕಮಗಳೂರು ಸೇರೋದರೊಳಗೆ ಕಾಫಿ ಮೊಳಕೆ ಒಡೆಯುತ್ತೆ" ಎಂದು ರೈಟರು ಮೊದಲು ನಗೆಯಾಡಿದರು. ಆಮೇಲೆ ನಗೆ ಬಿಟ್ಟರು. ಒಂದು ಏರಿನಲ್ಲಿ ಮೂಟೆ ಜರುಗಿ ಹಲಗೆಗೆ ಬಿತ್ತೆಂದು ನಡುರಸ್ತೆಯಲ್ಲಿ ನಿಲ್ಲಿಸಿ, ಇಳಿದು ಹೋಗಿ ಟಾರ್ಪಾಲು ಎತ್ತಿ ನೋಡುತ್ತಾ ನಿಂತುಬಿಟ್ಟರಂತೆ. ಕರೆದರೂ ಬರಲಿಲ್ಲವಂತೆ. ಅವರನ್ನು ಕಾಫಿ ಕಣದ ಕೆಲಸಕ್ಕೆ ಹಾಕಿದರು. ಕಡೆಯವರೆಗೂ ಅಲ್ಲೇ ಇದ್ದರು. ನಿಮ್ಮಪ್ಪ ಹುಟ್ಟಿದ್ದು ಅದಾದ ಎಷ್ಟೋ ಕಾಲದ ಮೇಲೆ. ನಿಮ್ಮಪ್ಪನನ್ನು ಎತ್ತಿಕೊಂಡಾಗಲೂ ಅವರು ನಕ್ಕದ್ದನ್ನು ನಾನು ನೋಡಲಿಲ್ಲ. ಅವರೂ ನನ್ನ ಮುಖದಲ್ಲಿ ನಗು ನೋಡಿರಲಾರರು.

ಆ ದಿನ ಪಿಕಪ್ಪಿನಿಂದ ಇಳಿಯುವಾಗ ಮೊಮ್ಮಗನನ್ನು ಕೇಳಿದೆ, ಹಿಂದೆ ಯಾರಾದರೂ ಕೂತಿದ್ದರೆ, ಅವರಿಗೆ ಏನಾದರೂ ಆದರೆ, ನಿನಗೆ ಹೇಗೆ ಗೊತ್ತಾಗುತ್ತದೆ ಎಂದು. ಅವನು ಬಾಗಿಲು ಹಾಕುತ್ತಾ ನಕ್ಕ.

"ಕೂಗಿದ್ರೆ ಆಯ್ತಪ್ಪ, ಅದಕ್ಕೇನಂತೆ ಅಜ್ಜಿ."

ನಾನು ಒಳಗೆ ಬಂದೆ. ಕೂಗಿದ್ದೆ ಮಗಾ.